ನಿತ್ಯ ವಿದ್ಯಾರ್ಥಿ ರಂಗನಾಥನ್

ಗ್ರಂಥಪಾಲನೆಂದರೆ ಬೀಗದ ಕೈ ಹಿಡಿದು ಕುಳಿತ ಕಾವಲುಗಾರನೆಂಬ ಭಾವನೆ ನಮ್ಮ ದೇಶದಲ್ಲಿ ಬಹುಕಾಲ ಬೇರೂರಿದ್ದಿತು. ಪುಸ್ತಕ ಕಳೆದುಹೋಗದಿದ್ದರೆ ಅವನ ಕರ್ತವ್ಯ ಮುಗಿದಂತೆ. ಅದನ್ನು ಯಾರಾದರೂ ಓದಿದರೇ ಇಲ್ಲವೇ ಎಂಬ ವಿಚಾರ ಅವನಿಗೆ ಸಂಬಂಧಿಸಿದ್ದಲ್ಲ. ಈ ಭಾವನೆಯನ್ನು ಬುಡಸಹಿತ ಅಲುಗಿಸಿದವರು ಶಿಯಾಳಿ ರಾಮಾಮೃತ ರಂಗನಾಥನ್. ಸ್ವಾರಸ್ಯವೆಂದರೆ, ಅವರು ಈ ವೃತ್ತಿಯನ್ನು ಹಿಡಿದ ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟುಹೋಗಲು ಹವಣಿಸಿದ್ದರು.

1892ರ ಆಗಸ್ಟ್ ತಿಂಗಳಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದ ರಂಗನಾಥನ್ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ಅಭ್ಯಾಸಮಾಡಿದರು. ಅಲ್ಲಿನ ಅಧ್ಯಾಪಕ ಎಡ್ವರ್ಡ್ ರಾಸ್ ಅವರಲ್ಲಿ ಈ ಶಿಷ್ಯನಿಗಿದ್ದ ಗುರುಭಕ್ತಿ ಕೊನೆಯವರೆಗೂ ಕುಂದಲಿಲ್ಲ. ಎಳೆತನದಿಂದ ಉಗ್ಗಿನ ಬಾಧೆಯಿದ್ದರೂ ಅವರು ಅಧ್ಯಾಪನವನ್ನೇ ಆರಿಸಿಕೊಂಡು, 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದರು. ಮುಂದೆ ಕೊಯಮತ್ತೂರು, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ತರಗತಿಯಲ್ಲಿ ವಿದ್ಯಾರ್ಥಿಗಳೊಡನೆ ನಡೆಯುವ ವಿಚಾರವಿನಿಮಯವೇ ಅವರಿಗೆ ಜೀವಾಳವಾಗಿದ್ದಿತು.

1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಪ್ರಥಮ ಗ್ರಂಥಪಾಲರಾದರು. ಅಲ್ಲಿ ಜನಸಂಚಾರವಿಲ್ಲ, ಪ್ರಶ್ನೆ ಕೇಳುವವರಿಲ್ಲ. ಆ ನೀರವತೆ ತರುಣ ಅಧ್ಯಾಪಕರಿಗೆ ಸೆರೆವಾಸದಂತೆ ಕಂಡಿತು. ತಮ್ಮನ್ನು ಮರಳಿ ಕರೆಸಿಕೊಳ್ಳಬೇಕೆಂದು ಅವರು ಕಾಲೇಜಿನ ಪ್ರಿನ್ಸಿಪಾಲರ ಮೊರೆಹೊಕ್ಕರು. ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯ ಶಿಕ್ಷಣವನ್ನು ಪಡೆದು ಬರಲಿ, ಆಮೇಲೂ ಮನಸ್ಸು ಒಪ್ಪದಿದ್ದರೆ ಕಾಲೇಜಿನ ಬಾಗಿಲು ತೆರೆದೇ ಇರುವುದು ಎಂಬ ಒಪ್ಪಂದವಾಯಿತು. ಆ ಬಾಗಿಲನ್ನು ಅವರು ಮತ್ತೆ ತಟ್ಟಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಅವರ ಮಾರ್ಗದರ್ಶನ ದೊರೆಯಿತು. ಪಾಠಕ್ಕಿಂತ ಹೆಚ್ಚಾಗಿ ಅವರ ಕಣ್ಣು ತೆರೆಸಿದುದು ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳ ಸಂದರ್ಶನ. ಮಕ್ಕಳು, ಕಾರ್ಮಿಕರು, ಗೃಹಿಣಿಯರು ತಮ್ಮ ಮನೆಯೊಳಗೆ ಬಂದಷ್ಟು ಸಲೀಸಾಗಿ ಅಲ್ಲಿಗೆ ಬಂದು ಪುಸ್ತಕ ಕೊಂಡೊಯ್ಯುತ್ತಿದ್ದರು. ಶಾಲೆಯ ಗಂಟೆ ನಿಂತ ಮೇಲೂ ವಿದ್ಯೆ ನಿಲ್ಲಬೇಕಾಗಿಲ್ಲವೆಂಬ ಸತ್ಯ ರಂಗನಾಥನ್ನರಿಗೆ ಪ್ರತ್ಯಕ್ಷವಾಯಿತು.

ಅದೇ ನಗರದ ಸೆಲ್ಫ್‌ರಿಜ್ ಅಂಗಡಿಯಲ್ಲಿ ಅವರು ಮೆಕ್ಯಾನೊ ಎಂಬ ಆಟಿಕೆಯನ್ನು ಕಂಡರು. ಕೆಲವೇ ಲೋಹದ ಪಟ್ಟಿಗಳು, ಚಕ್ರಗಳು, ತಿರುಪುಗಳು. ಜೋಡಿಸುವ ಕ್ರಮ ಬದಲಾದರೆ ಬೇರೆ ಬೇರೆ ಯಂತ್ರಗಳು. ಪುಸ್ತಕದ ವಿಷಯವನ್ನೂ ಹೀಗೆಯೇ ಬಿಡಿಸಿ ಜೋಡಿಸಬಾರದೇಕೆ? ಮೆಲ್ವಿಲ್ ಡ್ಯೂಯಿಯ ದಶಮಾಂಶ ಪದ್ಧತಿಯಲ್ಲಿ ವಿಷಯಗಳಿಗೆ ಸಿದ್ಧ ಸಂಖ್ಯೆಗಳಿದ್ದುವು. ಹೊಸ ವಿಷಯ ಹುಟ್ಟಿದರೆ ಇಕ್ಕಟ್ಟು. ಭತ್ತದ ಬೆಳೆಗೆ ತಗಲುವ ರೋಗವನ್ನು ಇಂಥ ಪ್ರಾಂತದಲ್ಲಿ ಇಂಥ ವರ್ಷ ಹೇಗೆ ತಡೆಗಟ್ಟಿದರೆಂಬ ಗ್ರಂಥವಿದೆಯೆನ್ನೋಣ. ಬೆಳೆ, ರೋಗ, ನಿವಾರಣೆ, ದೇಶ, ಕಾಲ ಎಂದು ಅದನ್ನು ಬಿಡಿಸಿ, ಪ್ರತಿಯೊಂದಕ್ಕೂ ಗುರುತನ್ನಿತ್ತು, ನಡುವೆ ಚಿಹ್ನೆಯಿರಿಸಿ ಹೆಣೆಯುವುದೇ ರಂಗನಾಥನ್ನರ ಉಪಾಯ. ಹಡಗಿನಲ್ಲಿ ಮರಳುವಾಗಲೇ ಆರಂಭವಾದ ಈ ಕಾರ್ಯ 1933ರಲ್ಲಿ ಕೋಲನ್ ವರ್ಗೀಕರಣವೆಂಬ ಹೆಸರಿನಿಂದ ಪ್ರಕಟವಾಯಿತು.

ಅದಕ್ಕೆ ಎರಡು ವರ್ಷ ಮುಂಚೆ, 1931ರಲ್ಲಿ, ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಕುರಿತ ಅವರ ಗ್ರಂಥ ಹೊರಬಂದಿದ್ದಿತು. ಪುಸ್ತಕವಿರುವುದು ಬಳಕೆಗಾಗಿ, ಓದುವ ಹಕ್ಕು ಸರ್ವರದು, ಓದುಗನ ವೇಳೆ ವ್ಯರ್ಥವಾಗಕೂಡದು, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ. ಇವು ಅದರ ಮುಖ್ಯ ವಿಚಾರಗಳು. ಅವರು ಸರ್ವರೆಂದಾಗ ಹಳ್ಳಿಗರು, ಸ್ತ್ರೀಯರು, ಅಂಧರು, ರೋಗಿಗಳು, ಸೆರೆಯಾಳುಗಳು ಎಲ್ಲರೂ ಸೇರಿದ್ದರು. ಅದೇ ವರ್ಷ ಮನ್ನಾರ್‌ಗುಡಿಯ ಸುತ್ತಣ ಗ್ರಾಮಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೊರಟುವು. ಸಾಧನ ಹೊಸದೋ ಹಳೆಯದೋ ಎಂಬುದಲ್ಲ, ಓದುಗನನ್ನು ಮುಟ್ಟುವುದೋ ಇಲ್ಲವೋ ಎಂಬುದೇ ಅವರ ಒರೆಗಲ್ಲಾಗಿದ್ದಿತು.

ಇಪ್ಪತ್ತು ವರ್ಷಗಳ ಸೇವೆಯ ನಂತರ ಮದರಾಸನ್ನು ಬಿಟ್ಟವರು ವಿಶ್ರಾಂತಿಯನ್ನು ಬಯಸಲಿಲ್ಲ. 1945ರಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಸುಮಾರು ಒಂದು ಲಕ್ಷ ಗ್ರಂಥಗಳ ವರ್ಗೀಕರಣಕ್ಕೆ ಬಹುಮಟ್ಟಿಗೆ ಏಕಾಕಿಯಾಗಿ ಕೈಹಾಕಿದರು. ಅನಂತರ ದೆಹಲಿ, ಜ್ಯೂರಿಕ್, ಉಜ್ಜಯಿನಿ. ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾನಿಲಯಕ್ಕಿತ್ತು, ಪತ್ನಿ ಶಾರದಾ ಅವರ ಹೆಸರನ್ನೂ ಸೇರಿಸಿ ಗ್ರಂಥಾಲಯ ಶಾಸ್ತ್ರದ ಪೀಠವನ್ನು ಸ್ಥಾಪಿಸಿದರು.

ಅವರ ಜೀವನದ ಕೊನೆಯ ಅಧ್ಯಾಯ ಬೆಂಗಳೂರಿನಲ್ಲಿ ನಡೆಯಿತು. 1962ರಲ್ಲಿ, ಎಪ್ಪತ್ತು ತುಂಬುವ ವರ್ಷದಲ್ಲಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಅವರು ಡಾಕ್ಯುಮೆಂಟೇಶನ್ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ವಿಜ್ಞಾನದ ಲೇಖನಗಳು ಪ್ರವಾಹದಂತೆ ಬರುತ್ತಿದ್ದ ಕಾಲ. ಗಣಕಯಂತ್ರ ಆಗತಾನೆ ಗ್ರಂಥಾಲಯದ ಹೊಸ್ತಿಲಿಗೆ ಬಂದಿದ್ದಿತು. ಈ ವೃದ್ಧರು ಅದಕ್ಕೆ ಬೆದರಲಿಲ್ಲ, ಮರುಳಾಗಲೂ ಇಲ್ಲ. ಯಂತ್ರ ವೇಗವಾಗಿ ಹುಡುಕಬಲ್ಲದು. ಆದರೆ ಮನುಷ್ಯನ ಬುದ್ಧಿ ಮೊದಲು ವಿಷಯವನ್ನು ಸೂಕ್ಷ್ಮವಾಗಿ ವಿಂಗಡಿಸಿರದಿದ್ದರೆ ಆ ವೇಗದಿಂದ ಪ್ರಯೋಜನವೇನು? ಆದಕಾರಣ ಯಂತ್ರ ಬರುತ್ತಿದೆಯೆಂದು ವರ್ಗೀಕರಣವನ್ನು ಕೈಬಿಡುವ ಬದಲು, ಅದನ್ನು ಇನ್ನಷ್ಟು ಆಳಗೊಳಿಸಬೇಕೆಂಬುದು ಅವರ ನಿಲುವಾಗಿದ್ದಿತು.

ಕನ್ನಡ ನಾಡಿಗೆ ಅವರಿಂದ ಸಂದ ಉಪಕಾರ ಮತ್ತೊಂದುಂಟು. 1965ರಲ್ಲಿ ಅಂಗೀಕೃತವಾದ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಶಾಸನದ ಹಿಂದೆ ಅವರ ಚಿಂತನೆಯಿದ್ದಿತು. ಗ್ರಂಥಾಲಯಕ್ಕೆಂದು ಕರ ವಿಧಿಸುವ ಏರ್ಪಾಡಿನಿಂದ ಜನರ ಓದು ದಾನಿಗಳ ಔದಾರ್ಯವನ್ನೇ ಕಾಯಬೇಕಾದ ಸ್ಥಿತಿ ತಪ್ಪಿತು.

ರಂಗನಾಥನ್ನರ ಪದ್ಧತಿಯಲ್ಲಿ ಕೊರತೆಯಿಲ್ಲವೆಂದಲ್ಲ. ತಾವೇ ಸೃಷ್ಟಿಸಿದ ಪರಿಭಾಷೆ ಹೊಸಬರಿಗೆ ಕಠಿಣವಾಯಿತು. ಆವೃತ್ತಿಯಿಂದ ಆವೃತ್ತಿಗೆ ಅವರು ಮಾಡುತ್ತಿದ್ದ ತಿದ್ದುಪಡಿ ಗ್ರಂಥಪಾಲರನ್ನು ಕಂಗೆಡಿಸಿತು. ಭಾರತದಲ್ಲಿಯೇ ಅನೇಕ ಗ್ರಂಥಾಲಯಗಳು ಡ್ಯೂಯಿಯ ದಾರಿಯನ್ನು ಬಿಡಲಿಲ್ಲ. ಆದರೂ ವಿಷಯವನ್ನು ಮುಖಗಳಾಗಿ ಬಿಡಿಸುವ ಅವರ ತತ್ತ್ವವನ್ನು 1952ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ವರ್ಗೀಕರಣ ಸಂಶೋಧಕರ ಬಳಗ ಆದರದಿಂದ ಸ್ವೀಕರಿಸಿ ಬೆಳೆಸಿತು. ತಮ್ಮದನ್ನು ತಾವೇ ತಿದ್ದಿಕೊಳ್ಳುತ್ತಿದ್ದ ಆ ಅತೃಪ್ತಿಯನ್ನು ದೋಷವೆನ್ನುವವರು ಎನ್ನಲಿ. ಕಲಿಯುವವನ ಲಕ್ಷಣವೂ ಅದೇ.

1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಅವರು ಕಾಲವಶರಾದರು. ಓದು ಪದವಿಯೊಡನೆ ಮುಗಿಯಿತೆಂದು ಭಾವಿಸುವ ವಿದ್ಯಾರ್ಥಿಯೂ, ಹೊಸ ಯಂತ್ರ ಬಂದೊಡನೆ ತನ್ನ ವಿದ್ಯೆ ಹಳತಾಯಿತೆಂದು ಕೈಚೆಲ್ಲುವ ಅಧ್ಯಾಪಕನೂ ಈ ಗಣಿತಜ್ಞನ ಬಾಳನ್ನು ಒಮ್ಮೆ ನೆನೆಯುವುದೊಳ್ಳೆಯದು. ಮೂವತ್ತೆರಡರಲ್ಲಿ ಒಲ್ಲದ ವೃತ್ತಿಯನ್ನು ಕಲಿತವರು ಎಪ್ಪತ್ತರಲ್ಲಿ ಹೊಸ ಪಾಠಶಾಲೆಯನ್ನು ತೆರೆದರು. ಅಲ್ಲಿ ಕಲಿಸುತ್ತಿದ್ದಂತೆಯೇ ತಾವೂ ಕಲಿತರು.