ಹರ್ಮನ್ ಮೋಗ್ಲಿಂಗ್ ಅಯ್ಯನವರ ಚರಿತ್ರೆ

ಕನ್ನಡದ ಪ್ರಥಮ ವರ್ತಮಾನಪತ್ರಿಕೆಯು 1843ನೇ ಜುಲೈ 1ರಂದು ಮಂಗಳೂರಿನಲ್ಲಿ ಹೊರಟಿತೆಂಬದನ್ನು ಅನೇಕರು ಬಲ್ಲರು. ಅದೇ ಪತ್ರಿಕೆಯು ಮರುವರುಷ ನಮ್ಮ ಬಳ್ಳಾರಿಗೆ ಬಂದು ಇಲ್ಲಿ ಮುದ್ರಿತವಾಯಿತೆಂಬದನ್ನು ಸಿರಿಗೇರಿಯ ಸೀಮೆಯಲ್ಲಿ ಬಲ್ಲವರು ಸ್ವಲ್ಪ ಮಂದಿ. ಅದನ್ನು ಹೊರಡಿಸಿದ ಮೋಗ್ಲಿಂಗ್ ಅಯ್ಯನವರು ಪತ್ರಿಕೆಯ ಕೆಲಸಕ್ಕಾಗಿ ಬಂದವರಲ್ಲ. ಬಡ ಶಾಲೆಯೊಂದರಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದ ಉಪಾಧ್ಯಾಯರು.

ಅವರು 1811ನೇ ಮೇ 29ರಂದು ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಊರಲ್ಲಿ ಹುಟ್ಟಿ, ಟ್ಯೂಬಿಂಗನ್ ಪಟ್ಟಣದಲ್ಲಿ ವೇದಶಾಸ್ತ್ರವನ್ನು ಕಲಿತರು. ಸ್ವದೇಶದಲ್ಲಿಯೇ ಸಭೆಯೊಂದನ್ನು ನೋಡಿಕೊಂಡು ಸುಖವಾಗಿರಬಹುದಾಗಿತ್ತು. ಅದನ್ನು ಬಿಟ್ಟು ಬಾಸೆಲ್ ಮಿಶನಿನವರ ಮೂಲಕ 1836ರಲ್ಲಿ ಮಂಗಳೂರಿಗೆ ಬಂದರು.

ಆಗಿನ ಶಾಲೆಗಳ ಸ್ಥಿತಿಯನ್ನು ಈಗಿನವರು ಊಹಿಸುವದು ಕಷ್ಟ. ಮಿಶನಿನವರ ಕಲ್ಲಚ್ಚು ಮಂಗಳೂರಿಗೆ ಬಂದದ್ದು 1841ರಲ್ಲಿ. ಅದಕ್ಕೆ ಮುಂಚೆ ಹುಡುಗರ ಕೈಗೆ ಕೊಡುವದಕ್ಕೆ ಕನ್ನಡದ ಅಚ್ಚಿನ ಪುಸ್ತಕಗಳು ತೀರಾ ವಿರಳ. ಗ್ರಂಥವೆಂದರೆ ಓಲೆಗರಿ. ಅಯ್ಯನವರು ತಾವೇ ಕನ್ನಡವನ್ನು ಕಲಿಯುತ್ತಾ ಕಲಿಸಬೇಕಾಯಿತು. ಅವರು ಬಂಗಲೆಯಿಂದ ಪಾಠದ ಹೊತ್ತಿಗೆ ಮಾತ್ರ ಬಂದು ಹೋಗುವವರಾಗಿರಲಿಲ್ಲ. ಹುಡುಗರಿದ್ದ ಮನೆಯಲ್ಲಿಯೇ ಇದ್ದು, ಅವರ ಸಂಗಡ ನೆಲದ ಮೇಲೆ ಕೂತು ಅವರು ಉಂಡದ್ದನ್ನೇ ಉಂಡರು. ಪಂಕ್ತಿಯೇ ಜಾತಿಯ ಬೇಲಿಯಾಗಿದ್ದ ಕಾಲದಲ್ಲಿ ಇದು ಪುಸ್ತಕದ ಪಾಠಕ್ಕಿಂತ ದೊಡ್ಡ ಪಾಠವೆಂದು ನನಗೆ ತೋರುತ್ತದೆ.

ಆ ಊರಿನ ಇಂಗ್ಲಿಷ್ ಶಾಲೆಗೆ ಬರುತ್ತಿದ್ದ ಬ್ರಾಹ್ಮಣ ಯೌವನಸ್ಥ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಮಂಗಳೂರೆಲ್ಲ ಕೋಲಾಹಲವಾಯಿತು. ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ವರುಷಗಟ್ಟಲೆ ಕಟ್ಟಿದ್ದು ಕೆಲವು ದಿವಸಗಳಲ್ಲಿ ಬರಿದಾದರೆ ಉಪಾಧ್ಯಾಯನಿಗೆ ಏನಾಗುವದೆಂದು ಕಲಿಸಿದವರೇ ಬಲ್ಲರು. ಶಿಷ್ಯನ ನಷ್ಟವೋ ಇದಕ್ಕಿಂತ ಹೆಚ್ಚು: ಮನೆಮಾರು, ಬಂಧುಬಳಗ, ಎಲ್ಲವೂ ಹೋಯಿತು. ಅಯ್ಯನವರು ಅವನ ಕೈಬಿಡದೆ 1846ರಲ್ಲಿ ಯುರೋಪಿಗೆ ಕರಕೊಂಡು ಹೋದರು. ಬಾಸೆಲಿನಲ್ಲಿ ಕಲಿತು 1851ರಲ್ಲಿ ತಿರಿಗಿ ಬಂದ ಕೌಂಡಿನ್ಯರು ಮಂಗಳೂರಿನ ಸೆಮಿನರಿಯಲ್ಲಿ ಬಹುಕಾಲ ಉಪದೇಶಕರನ್ನು ತರಬೇತು ಮಾಡಿದರು.

ಪತ್ರಿಕೆಯ ಸಂಗತಿಯನ್ನು ಅರ್ಧಕ್ಕೆ ಬಿಟ್ಟೆನು. ಮಂಗಳೂರ ಸಮಾಚಾರವೆಂಬ ಆ ಕಾಗದವು ಹದಿನೈದು ದಿನಕ್ಕೊಮ್ಮೆ ಕಲ್ಲಚ್ಚಿನಲ್ಲಿ ಹೊರಡುತ್ತಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಶನಿನವರಿಗೆ ಮೊಳೆಯಚ್ಚು ಇದ್ದದರಿಂದ, 1844ರಲ್ಲಿ ಅದು ಕನ್ನಡ ಸಮಾಚಾರವೆಂಬ ಹೆಸರಿನಿಂದ ಇಲ್ಲಿ ಮುದ್ರಿತವಾಯಿತು. ಆ ಮೇಲೆ ಅಯ್ಯನವರು ಹಳೆಯ ಕಾವ್ಯಗಳ ಕಡೆಗೆ ತಿರುಗಿದರು. ಕಾಸಮೇಜರ್ ದೊರೆಯವರ ಹಣದ ಸಹಾಯದಿಂದ 1848 ಮೊದಲುಗೊಂಡು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವುಗಳನ್ನು ಅಚ್ಚು ಹಾಕಿಸಿದರು. ಅನ್ಯಮತದ ಗ್ರಂಥಗಳಿಗೆ ಪಾದ್ರಿಯು ಯಾಕೆ ಶ್ರಮಪಡಬೇಕೆಂದು ಕೇಳುವವರು ಈಗಲೂ ಇದ್ದಾರೆ. ಜನರ ಹಾಡನ್ನೂ ಗಾದೆಯನ್ನೂ ಅರಿಯದವನು ಅವರ ಮಕ್ಕಳಿಗೆ ಏನನ್ನು ಕಲಿಸಾನು?

ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹೊರಡಬೇಕೆಂದಿದ್ದಾಗ ಕೊಡಗಿನಿಂದ ಕರೆ ಬಂತು. ಆಲ್ಮಂಡ ಸೋಮಯ್ಯನೆಂಬ ಕೊಡಗನು ಸುವಾರ್ತೆಯನ್ನು ಕೇಳಬಯಸಿದ್ದನು. ಮಿಶನಿನ ಅಪ್ಪಣೆಗೆ ಕಾಯದೆ ಅಯ್ಯನವರು ತಮ್ಮ ಜವಾಬ್ದಾರಿಯ ಮೇಲೆಯೇ ಅಲ್ಲಿಗೆ ಹೋದರು. ಕೊಡಗಿನ ಹೊಲೆಯರು ಆಗ ಒಕ್ಕಲು ಮನೆಗಳಲ್ಲಿ ಜೀತದಾಳುಗಳು. ಅವರಲ್ಲಿ ವಿಶ್ವಾಸಿಗಳಾದವರಿಗೆ ಸ್ವಂತ ನೆಲವಿಲ್ಲದೆ ನಿಲ್ಲುವದಕ್ಕಾಗದೆಂದು ಕಂಡು, ಆನಂದಪುರವೆಂಬ ಊರನ್ನೇ ಅವರಿಗಾಗಿ ಕಟ್ಟಲಾಯಿತು.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. 1860ರಲ್ಲಿ ಅವರು ಭಾರತವನ್ನು ಬಿಟ್ಟರು; ತಿರಿಗಿ ಬರಲಿಲ್ಲ. ಆದರೂ ಕನ್ನಡವನ್ನು ಬಿಡದೆ, ಕಿಟ್ಟೆಲ್ ಅಯ್ಯನವರ ನಿಘಂಟಿನ ಕೆಲಸಕ್ಕೆ ದೂರದಿಂದಲೇ ಒತ್ತಾಸೆಯಾಗಿದ್ದರು. 1881ನೇ ಮೇ 10ರಂದು ಎಸ್ಲಿಂಗನ್ ಪಟ್ಟಣದಲ್ಲಿ ತೀರಿಕೊಂಡರು. ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದದ್ದು 1894ರಲ್ಲಿ.