ವಸ್ತುಸಂಗ್ರಾಹಕ ದಿನಕರ ಕೇಳಕರರು

ರಾಜರ ಕಿರೀಟವನ್ನು ಕಾಯುವವರು ಪ್ರಪಂಚದಲ್ಲಿ ಬಹಳ ಮಂದಿ. ಅಡಿಗೆಮನೆಯ ಸೌಟನ್ನು ಕಾಯುವವರು ವಿರಳ. ಸೌಟು ಸವೆದರೆ ತೂಕದ ಲೆಕ್ಕದಲ್ಲಿ ಹಳೆಯ ಸಾಮಾನಿನವನ ಗಾಡಿಯನ್ನು ಸೇರುತ್ತದೆ. ಆದರೆ ಒಂದು ಕಾಲದ ಜನರು ಹೇಗೆ ಬಾಳಿದರು, ಹೇಗೆ ಉಂಡರು, ಕತ್ತಲಾದ ಮೇಲೆ ಯಾವ ಬೆಳಕಿನಲ್ಲಿ ಓದಿದರು ಎಂಬುದನ್ನು ತಿಳಿಯಬೇಕಾದರೆ ಸಾಮಾನ್ಯರ ಮನೆಯ ಸಾಮಾನುಗಳನ್ನೇ ಕೇಳಬೇಕು. ಇದನ್ನು ಅರಿತು, ಅದಕ್ಕಾಗಿ ತಮ್ಮ ಆಯುಷ್ಯವನ್ನೇ ಸವೆಸಿದ ಮಹನೀಯರೊಬ್ಬರು ನಮ್ಮ ಪುಣೆಯಲ್ಲಿ ಆಗಿಹೋದರು. ಅವರೇ ದಿನಕರ ಗಂಗಾಧರ ಕೇಳಕರರು. ಬಿಬವೇವಾಡಿಯ ನಮಗೆ ಅವರ ವಸ್ತುಸಂಗ್ರಹಾಲಯವು ದೂರದ್ದೇನಲ್ಲ. ಸ್ವಾರಗೇಟನ್ನು ದಾಟಿ ಶುಕ್ರವಾರ ಪೇಟೆಗೆ ಹೋದರೆ, ಬಾಜೀರಾವ ರಸ್ತೆಯ ಬಳಿ ನಾಟೂ ಬಾಗಿನಲ್ಲಿ ಅದು ನಮ್ಮನ್ನು ಎದುರುಗೊಳ್ಳುತ್ತದೆ.

ಕೇಳಕರರು ಹುಟ್ಟಿದ್ದು ೧೮೯೬ನೆಯ ಇಸವಿಯ ಜನೆವರಿ ೧೦ರಂದು. ಅವರು ಸಿರಿವಂತರಲ್ಲ, ಸಂಸ್ಥಾನಿಕರಲ್ಲ. ಕನ್ನಡಕಗಳ ವ್ಯಾಪಾರ ಅವರ ಜೀವನೋಪಾಯವಾಗಿದ್ದಿತು. ಹಗಲು ಜನರ ಕಣ್ಣಿಗೆ ತಕ್ಕ ಗಾಜನ್ನು ಒದಗಿಸುತ್ತಿದ್ದ ಈ ವ್ಯಾಪಾರಿ ಮರಾಠಿಯಲ್ಲಿ ಕವಿತೆಗಳನ್ನೂ ಬರೆಯುತ್ತಿದ್ದರು. ಕವಿಯಾಗಿ ಅವರು ಧರಿಸಿದ ಹೆಸರು ‘ಅಜ್ಞಾತವಾಸಿ’ ಎಂದು. ಹಳೆಯ ಕಾವ್ಯ, ಹಳೆಯ ಇತಿಹಾಸಗಳ ಮೇಲಣ ಪ್ರೀತಿಯು ಅವರನ್ನು ಮೆಲ್ಲನೆ ಹಳೆಯ ವಸ್ತುಗಳ ಕಡೆಗೆ ಸೆಳೆಯಿತು. ೧೯೨೦ರ ಸುಮಾರಿಗೆ ಆರಂಭವಾದ ಈ ಹವ್ಯಾಸವು ಮುಂದೆ ಅರವತ್ತು ವರ್ಷಗಳಿಗೂ ಮಿಕ್ಕಿ ನಡೆಯಿತು.

ಅದು ಕಾಲ ಬದಲಾಗುತ್ತಿದ್ದ ಹೊತ್ತು. ಹಳೆಯ ವಾಡೆಗಳು ಒಂದೊಂದಾಗಿ ಮುರಿದುಬೀಳುತ್ತಿದ್ದುವು. ಮನೆಗೆ ವಿದ್ಯುದ್ದೀಪ ಬಂದ ಮೇಲೆ ಹಿತ್ತಾಳೆಯ ತೂಗುದೀಪ ಯಾರಿಗೆ ಬೇಕು? ಫೌಂಟನ್ ಪೆನ್ನು ಬಂದ ಮೇಲೆ ಮಸಿಕುಡಿಕೆಯನ್ನು ಇಟ್ಟುಕೊಳ್ಳುವವರು ಯಾರು? ಬೇಡವಾದ ಹಿತ್ತಾಳೆಯು ಹಿತ್ತಾಳೆಯ ಬೆಲೆಗೇ ಮಾರಾಟವಾಗಿ ಕುಲುಮೆಗೆ ಬೀಳುತ್ತಿದ್ದಿತು. ಕಂಚುಗಾರನ ಕೈಚಳಕವಾಗಲಿ, ಆ ದೀಪದ ಕೆಳಗೆ ಕುಳಿತವರ ಬಾಳಾಗಲಿ ತಕ್ಕಡಿಗೆ ತಿಳಿಯುವುದಿಲ್ಲ. ಕೇಳಕರರು ಮಾಡಿದ ಮುಖ್ಯ ಕಾರ್ಯವೆಂದರೆ, ವಸ್ತುಗಳನ್ನು ತಕ್ಕಡಿಯಿಂದ ಬಿಡಿಸಿ ತಂದುದು. ದೇಶದ ನಾನಾ ಪ್ರಾಂತಗಳನ್ನು ಸುತ್ತಿ ದೀಪಗಳು, ಅಡಕೊತ್ತುಗಳು, ಬೀಗಗಳು, ಹಣಿಗೆಗಳು, ಮಸಿಕುಡಿಕೆಗಳು, ಪಾತ್ರೆಗಳು, ಮಕ್ಕಳ ಆಟಿಕೆಗಳು, ವಾದ್ಯಗಳು, ಕೆತ್ತನೆಯ ಬಾಗಿಲುಗಳು ಮೊದಲಾದುವನ್ನು ಅವರು ಕೂಡಿಸಿದರು. ಅವರ ಪತ್ನಿ ಕಮಲಾಬಾಯಿಯವರು ಈ ಕೆಲಸದಲ್ಲಿ ಅವರಿಗೆ ಹೆಗಲೆಣೆಯಾಗಿ ನಿಂತರು. ಮನೆಯಲ್ಲಿ ಮನುಷ್ಯರಿಗಿಂತ ವಸ್ತುಗಳೇ ಹೆಚ್ಚಾಗುವ ಸಂಸಾರವನ್ನು ನಡೆಯಿಸುವುದು ಸುಲಭವಲ್ಲವೆಂಬುದನ್ನು ನಾವು ಊಹಿಸಬಹುದು.

ಈ ದಂಪತಿಗಳಿಗೆ ರಾಜಾ ಎಂಬ ಮಗನಿದ್ದನು. ಅವನು ಏಳು ವರ್ಷದ ಬಾಲಕನಾಗಿರುವಾಗಲೇ ತೀರಿಕೊಂಡನು. ಅಂಥ ದುಃಖದಲ್ಲಿ ಮನುಷ್ಯನು ಕೈಯಲ್ಲಿದ್ದ ಕೆಲಸವನ್ನು ಕೆಳಗಿಟ್ಟುಬಿಡುವುದೇ ಹೆಚ್ಚು. ಕೇಳಕರರು ಇಡಲಿಲ್ಲ. ತಾವು ಕೂಡಿಸಿದುದೆಲ್ಲವನ್ನೂ ಆ ಮಗುವಿನ ನೆನಪಿಗೆ ಅರ್ಪಿಸಿದರು. ‘ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯ’ ಎಂಬ ಹೆಸರಿನಲ್ಲಿ ಮೊದಲು ಬರುವ ‘ರಾಜಾ’ ಎಂಬುದು ಯಾವ ಅರಸನ ಬಿರುದೂ ಅಲ್ಲ. ಶಾಲೆಗೆ ಹೋಗುವ ವಯಸ್ಸಿನ ಹುಡುಗನೊಬ್ಬನ ಹೆಸರು. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕೆಂದು ನಾವು ಬಯಸುತ್ತೇವೆ.

ಕೇಳಕರರ ಸಂಗ್ರಹದಿಂದ ನಾವು ಕಲಿಯಬೇಕಾದ ಒಂದು ಕ್ರಮವಿದೆ. ಒಂದು ಅಡಕೊತ್ತನ್ನು ನೋಡಿದರೆ ಅದು ಅಡಿಕೆ ಕತ್ತರಿಸುವ ಸಾಧನವೆಂದಷ್ಟೇ ತಿಳಿಯುತ್ತದೆ. ಹಲವು ಅಡಕೊತ್ತುಗಳನ್ನು ಸಾಲಾಗಿ ಇಟ್ಟು ನೋಡಿದರೆ, ಕೆಲಸ ಒಂದೇ ಆಗಿದ್ದರೂ ಒಬ್ಬ ಕುಶಲಿಗ ಹಿಡಿಕೆಯನ್ನು ಹೇಗೆ ಬಾಗಿಸಿದ, ಇನ್ನೊಬ್ಬ ಅಲಗನ್ನು ಹೇಗೆ ಕೂರಿಸಿದ, ಮತ್ತೊಬ್ಬ ಅದನ್ನೇ ಹಕ್ಕಿಯ ರೂಪಕ್ಕೆ ಹೇಗೆ ತಂದ ಎಂಬುದು ಕಣ್ಣಿಗೆ ಕಟ್ಟುತ್ತದೆ. ಸಂಗ್ರಹಿಸುವುದು ಅರ್ಧ ಕೆಲಸ. ಹೋಲಿಸಿ ನೋಡುವುದು ಉಳಿದ ಅರ್ಧ. ನಮ್ಮ ಕರ್ನಾಟಕದಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ‘ಜಾನಪದ ಲೋಕ’ವನ್ನು ಕಟ್ಟಿ, ಹಳ್ಳಿಯ ಬಾಳಿನ ಉಪಕರಣಗಳನ್ನು ಉಳಿಸಿದುದೂ ಇದೇ ಬಗೆಯ ಪುಣ್ಯಕಾರ್ಯವೇ ಸರಿ.

ವರ್ಷಗಳು ಉರುಳಿದಂತೆ ಸಂಗ್ರಹವು ಇಪ್ಪತ್ತು ಸಾವಿರದಷ್ಟು ವಸ್ತುಗಳಿಗೆ ಬೆಳೆಯಿತು. ಕೋಥರೂಡದಲ್ಲಿದ್ದ ಮಸ್ತಾನಿಯ ಮಹಲಿನ ಉಳಿದ ಭಾಗಗಳನ್ನು ತಂದು ಅಲ್ಲಿ ಮತ್ತೆ ನಿಲ್ಲಿಸಲಾಯಿತು. ಇಷ್ಟನ್ನೂ ಮಾರಿದ್ದರೆ ಕೇಳಕರರು ಸುಖವಾಗಿ ಇರಬಹುದಾಗಿತ್ತು. ಅವರು ಹಾಗೆ ಮಾಡದೆ ೧೯೭೫ರಲ್ಲಿ ಸಂಗ್ರಹವನ್ನೆಲ್ಲ ಮಹಾರಾಷ್ಟ್ರ ಸರ್ಕಾರಕ್ಕೆ ದಾನವಾಗಿ ಒಪ್ಪಿಸಿದರು. ಜನರೆಲ್ಲ ಪ್ರೀತಿಯಿಂದ ಕಾಕಾ ಎಂದು ಕರೆಯುತ್ತಿದ್ದ ಈ ಹಿರಿಯರು ೧೯೯೦ರ ಏಪ್ರಿಲ್ ೧೭ರಂದು, ತೊಂಬತ್ತನಾಲ್ಕು ವರ್ಷಗಳ ತುಂಬು ಬಾಳನ್ನು ಬಾಳಿ ತೀರಿಕೊಂಡರು.

ಆ ಹೊತ್ತಿಗೆ ಮನುಷ್ಯನ ಮನೆಯ ಸಾಮಾನುಗಳಲ್ಲಿ ಹೊಸದೊಂದು ಬಂದು ಸೇರುತ್ತಿದ್ದಿತು. ಅದು ಮೇಜಿನ ಮೇಲಿಡುವ ಗಣಕಯಂತ್ರ. ಅದರ ಬುದ್ಧಿಸ್ಥಾನವೇ ಪ್ರೊಸೆಸರ್. ಅಂಗೈಯಲ್ಲಿ ಅಡಗುವ ಈ ಬಿಲ್ಲೆಯೊಳಗೆ ಟ್ರಾನ್ಸಿಸ್ಟರ್ ಎಂಬ ಅತಿ ಸೂಕ್ಷ್ಮವಾದ ಸ್ವಿಚ್ಚುಗಳಿರುತ್ತವೆ. ಅವು ತೆರೆದು ಮುಚ್ಚುವುದರಿಂದಲೇ ಲೆಕ್ಕವೆಲ್ಲವೂ ನಡೆಯುತ್ತದೆ. ಕಾಕಾ ಕೇಳಕರರ ಕ್ರಮದಲ್ಲಿ ಇಂಥ ಹಳೆಯ ಪ್ರೊಸೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಏನು ಕಾಣುತ್ತದೆ?

ಸಾಲಿನ ಮೊದಲಲ್ಲಿ ಇಂಟೆಲ್ ಕಂಪನಿಯು ೧೯೭೮ರಲ್ಲಿ ಹೊರತಂದ ೮೦೮೬ ಇರಲಿ. ಜರಿಯ ಹುಳುವಿನಂತೆ ಉದ್ದವಾದ ಅದಕ್ಕೆ ಎರಡು ಬದಿಗೂ ಸೇರಿ ೪೦ ಕಾಲುಗಳು. ಒಳಗೆ ಸುಮಾರು ೨೯,೦೦೦ ಟ್ರಾನ್ಸಿಸ್ಟರುಗಳು. ೧೯೮೨ರ ೮೦೨೮೬ರಲ್ಲಿ ಅವು ೧,೩೪,೦೦೦ ಆದುವು. ೧೯೮೫ರ ೮೦೩೮೬ರಲ್ಲಿ ೨,೭೫,೦೦೦ ಆದುವು. ಅದರ ೧೩೨ ಕಾಲುಗಳು ಹೊಟ್ಟೆಯ ಕೆಳಗೆ ಚೌಕವಾಗಿ ನಿಂತುವು. ೧೯೮೯ರ ೮೦೪೮೬ರಲ್ಲಿ ೧೨ ಲಕ್ಷ ಟ್ರಾನ್ಸಿಸ್ಟರುಗಳು, ೧೬೮ ಕಾಲುಗಳು. ೧೯೯೩ರಲ್ಲಿ ಪೆಂಟಿಯಂ ಬಂದಾಗ ಟ್ರಾನ್ಸಿಸ್ಟರುಗಳು ೩೧ ಲಕ್ಷ, ಕಾಲುಗಳು ೨೭೩. ಈ ಪೆಂಟಿಯಮ್ಮನ್ನು ರೂಪಿಸಿದ ತಂಡದ ಮುಂದಾಳು ವಿನೋದ ಧಾಮರು ಹುಟ್ಟಿದುದು ನಮ್ಮ ಪುಣೆಯಲ್ಲಿಯೇ ಎಂಬುದು ಇಲ್ಲಿಯ ವಿದ್ಯಾರ್ಥಿಗಳಿಗೆ ಹೆಮ್ಮೆಯ ಸಂಗತಿ.

ಆದರೆ ಹೋಲಿಕೆಯೆಂದರೆ ಬರಿಯ ಅಂಕಿಗಳ ಓಟವಲ್ಲ. ೩೩ ಮೆಗಾಹರ್ಟ್ಸ್ ವೇಗದ ೮೦೩೮೬ ಮತ್ತು ಅದೇ ವೇಗದ ೮೦೪೮೬ ಇವೆರಡನ್ನೂ ಪಕ್ಕದಲ್ಲಿಡಿರಿ. ಎರಡರ ನಾಡಿಯೂ ಸೆಕೆಂಡಿಗೆ ಮೂರು ಕೋಟಿ ಮೂವತ್ತು ಲಕ್ಷ ಬಾರಿಯೇ ಮಿಡಿಯುತ್ತದೆ. ಆದರೂ ಎರಡನೆಯದು ಬಹಳ ಹೆಚ್ಚು ಕೆಲಸವನ್ನು ಮಾಡುತ್ತದೆ. ಏಕೆಂದರೆ ಹಿಂದಿನದು ಹಲವು ಮಿಡಿತಗಳಲ್ಲಿ ಮುಗಿಸುತ್ತಿದ್ದ ಎಷ್ಟೋ ಅಪ್ಪಣೆಗಳನ್ನು ಅದು ಒಂದೇ ಮಿಡಿತದಲ್ಲಿ ಮುಗಿಸುತ್ತದೆ. ಪದೇ ಪದೇ ಬೇಕಾಗುವುದನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲು ಅದರೊಳಗೇ ಒಂದು ಪುಟ್ಟ ಉಗ್ರಾಣವೂ ಇದೆ. ಒಲೆಯ ಪಕ್ಕದಲ್ಲಿಯೇ ಒಗ್ಗರಣೆಯ ಡಬ್ಬಿ ಇಟ್ಟುಕೊಂಡ ಗೃಹಿಣಿಗೂ, ಸಾಸಿವೆಗಾಗಿ ಪ್ರತಿ ಸಲವೂ ಕೋಣೆಗೆ ಹೋಗಿಬರುವವಳಿಗೂ ಇರುವ ವ್ಯತ್ಯಾಸವೇ ಇದು. ೮೦೮೬ ಮತ್ತು ೧೯೮೧ರ ಐಬಿಎಂ ಗಣಕದೊಳಗೆ ಇದ್ದ ೮೦೮೮ ಇವುಗಳ ಕಥೆ ಇನ್ನೊಂದು ಬಗೆ. ಒಳಗೆ ಅವು ಹೆಚ್ಚುಕಡಿಮೆ ಒಂದೇ. ಹೊರಗಿನೊಡನೆ ಮಾತನಾಡುವ ದಾರಿ ಮಾತ್ರ ಮೊದಲನೆಯದಕ್ಕೆ ೧೬ ಬಿಟ್ಟಿನದು, ಎರಡನೆಯದಕ್ಕೆ ೮ ಬಿಟ್ಟಿನದು. ಅಗ್ಗದ ಬಿಡಿಭಾಗಗಳಿಂದ ಯಂತ್ರವನ್ನು ಕಟ್ಟಲು ಅದರಿಂದ ಅನುಕೂಲವಾಯಿತು. ಒಂದೊಂದು ಬಿಲ್ಲೆಯ ಹಿಂದೆಯೂ ಹೀಗೆ ಮನುಷ್ಯರ ಯೋಚನೆ, ಖರ್ಚು, ಕೊರತೆಗಳ ಲೆಕ್ಕವಿದೆ.

ಈ ಬಿಲ್ಲೆಗಳಿಗೂ ಈಗ ಹಿತ್ತಾಳೆಯ ದೀಪಗಳ ಗತಿಯೇ ಬಂದಿದೆ. ಹಳೆಯ ಸಾಮಾನಿಗೆ ಮರಾಠಿಯಲ್ಲಿ ‘ಭಂಗಾರ’ ಎನ್ನುತ್ತಾರೆ. ಕನ್ನಡದ ‘ಬಂಗಾರ’ಕ್ಕೂ ಅದಕ್ಕೂ ಒಂದು ಉಸಿರಿನಷ್ಟೇ ಅಂತರ. ವಿಚಿತ್ರವೆಂದರೆ ಹಳೆಯ ಪಿಂಗಾಣಿ ಪ್ರೊಸೆಸರಿನಲ್ಲಿ ಎರಡೂ ಒಂದಾಗಿವೆ. ಅದರ ಕಾಲುಗಳಿಗೆ ಚಿನ್ನದ ತೆಳು ಲೇಪವಿರುವುದರಿಂದ ಗುಜರಿಯವರು ಅದನ್ನು ತೂಕಕ್ಕೆ ಕೊಳ್ಳುತ್ತಾರೆ. ಆಮೇಲೆ ಕೆಲವೆಡೆ ಅದನ್ನು ಒಡೆದು, ಆಮ್ಲದಲ್ಲಿ ಅದ್ದಿ ಚಿನ್ನವನ್ನು ತೆಗೆಯುತ್ತಾರೆ. ಸಿಕ್ಕುವ ಚಿನ್ನ ಅತ್ಯಲ್ಪ. ಆ ಆಮ್ಲದ ಹೊಗೆಯಿಂದ ಕೆಲಸಗಾರರ ಶ್ವಾಸಕೋಶಕ್ಕೂ, ಚೆಲ್ಲಿದ ನೀರಿನಿಂದ ನೆಲಕ್ಕೂ ಆಗುವ ಹಾನಿ ಬಹಳ. ವಿದ್ಯಾರ್ಥಿಗಳು ಇಂಥ ಪ್ರಯೋಗಕ್ಕೆ ಎಂದಿಗೂ ಕೈಹಾಕಬಾರದು.

ಹಾಗಾದರೆ ನಾವು ಏನು ಮಾಡಬೇಕು? ನಮ್ಮ ಮನೆಗಳ ಮಾಳಿಗೆಯಲ್ಲಿಯೂ ನೆಂಟರ ಕಚೇರಿಗಳ ಮೂಲೆಯಲ್ಲಿಯೂ ಸತ್ತ ಗಣಕಯಂತ್ರಗಳು ಬಿದ್ದಿರಬಹುದು. ಅವು ಗಾಡಿ ಸೇರುವ ಮುನ್ನ ಹಿರಿಯರ ಅಪ್ಪಣೆ ಪಡೆದು, ತಿಳಿದವರಿಂದ ಬಿಚ್ಚಿಸಿ, ಪ್ರೊಸೆಸರನ್ನು ಬೇಡಿಕೊಳ್ಳೋಣ. ಕಾಲುಗಳು ಬಾಗದಂತೆ ಅಂಚನ್ನೇ ಹಿಡಿದು, ಸ್ಥಿರವಿದ್ಯುತ್ತು ತಗಲದಂತೆ ಕಾಪಾಡುವ ಚೀಲದಲ್ಲಿ ಇಡೋಣ. ಪಕ್ಕದಲ್ಲಿ ಒಂದು ಚೀಟಿಯನ್ನು ಬರೆದಿಡೋಣ: ಹೆಸರು, ಇಸವಿ, ವೇಗ, ಕಾಲುಗಳ ಸಂಖ್ಯೆ, ಎಲ್ಲಕ್ಕಿಂತ ಮಿಗಿಲಾಗಿ ಅದು ಯಾರ ಮೇಜಿನ ಮೇಲೆ ಏನು ಕೆಲಸ ಮಾಡುತ್ತಿದ್ದಿತು ಎಂಬುದು. ಒಂದು ಪ್ರೊಸೆಸರು ಮಾರ್ಕೆಟ್ ಯಾರ್ಡಿನ ಅಡತಿಯೊಂದರಲ್ಲಿ ಈರುಳ್ಳಿಯ ಲೆಕ್ಕ ಬರೆದಿರಬಹುದು. ಇನ್ನೊಂದು ಯಾರದೋ ಅಕ್ಕನಿಗೆ ಮೊದಲ ಬಾರಿ ಕನ್ನಡದಲ್ಲಿ ಬೆರಳಚ್ಚು ಕಲಿಸಿರಬಹುದು. ಈ ಚೀಟಿಯಿಲ್ಲದಿದ್ದರೆ ಬಿಲ್ಲೆಯು ಮತ್ತೆ ತೂಕದ ವಸ್ತುವೇ ಆಗುತ್ತದೆ. ಇಂಥ ಒಂದು ಗಾಜಿನ ಪೆಟ್ಟಿಗೆ ನಮ್ಮ ಶಾಲೆಯಲ್ಲಿ ಏಕೆ ಆಗಬಾರದು? ಅದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಕಣ್ಣು ಮತ್ತು ತಾಳ್ಮೆ.

ಕೇಳಕರರಲ್ಲಿ ಇವೆರಡೂ ಇದ್ದುವು. ಮುಂದಿನ ರಜೆಯಲ್ಲಿ ವಿದ್ಯಾರ್ಥಿಮಿತ್ರರು ಶುಕ್ರವಾರ ಪೇಟೆಗೆ ಹೋಗಿ, ಅಲ್ಲಿಯ ದೀಪಗಳ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಲಿ. ಒಂದನ್ನೂ ಬಿಡದೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಲಿ. ಬಂದ ಮೇಲೆ ಮನೆಯ ಮಾಳಿಗೆಯನ್ನು ಹತ್ತಲಿ.