ನಾಣ್ಯಗಳಲ್ಲಿ ಉಳಿದ ಅರಸು: ಕರೌಸಿಯಸ್

ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದಲ್ಲಿ ಫ್ರೋಮ್ ಎಂಬ ಪಟ್ಟಣವಿದೆ. ೨೦೧೦ರ ಏಪ್ರಿಲ್ ತಿಂಗಳಲ್ಲಿ ಅದರ ಸಮೀಪದ ಹೊಲವೊಂದರಲ್ಲಿ ಹವ್ಯಾಸಿಯೊಬ್ಬನು ಲೋಹಶೋಧಕ ಯಂತ್ರವನ್ನು ಹಿಡಿದು ಅಡ್ಡಾಡುತ್ತಿದ್ದನು. ಮೊದಲು ಅವನಿಗೆ ದೊರೆತವು ನೇಗಿಲ ಬಾಯಿಗೆ ಸಿಕ್ಕಿ ಚೆಲ್ಲಾಪಿಲ್ಲಿಯಾಗಿದ್ದ ಸುಮಾರು ೬೦ ರೋಮನ್ ಬೆಳ್ಳಿಯ ನಾಣ್ಯಗಳು. ೧೮೬೭ರಲ್ಲಿ ನೆರೆಯ ಹೊಲದಲ್ಲಿ ದೊರೆತಿದ್ದ ನಿಧಿಯೊಂದಿಗೆ ಅವಕ್ಕೆ ಸಂಬಂಧವಿರಬೇಕೆಂದು ವಿದ್ವಾಂಸರು ಊಹಿಸಿದರು. ಆದರೆ ಅದೇ ಹೊಲದಲ್ಲಿ ಯಂತ್ರವು ಮತ್ತೊಮ್ಮೆ ದನಿಗೈದಾಗ ನೆಲದಡಿಯಲ್ಲಿ ಕಂಡದ್ದು ಬೇರೆಯೇ ಆದ ವಸ್ತು: ನಾಣ್ಯಗಳಿಂದ ತುಂಬಿದ ಮಣ್ಣಿನ ಗುಡಾಣ. ಅವನು ಆಸೆಯನ್ನು ಅದುಮಿಕೊಂಡು ಕುಳಿಯನ್ನು ಮುಚ್ಚಿ, ಪುರಾತತ್ತ್ವಜ್ಞರಿಗೆ ಸುದ್ದಿ ಮುಟ್ಟಿಸಿದನು. ಅವರು ಬಂದು ಪದರ ಪದರವಾಗಿ ತೆಗೆದು ಎಣಿಸಲಾಗಿ ಒಟ್ಟು ೫೨,೫೦೩ ನಾಣ್ಯಗಳಾದವು. ಅವುಗಳ ತೂಕ ಸುಮಾರು ೧೬೦ ಕಿಲೋಗ್ರಾಂ.

ಆ ರಾಶಿಯಲ್ಲಿ ೭೬೦ಕ್ಕೂ ಮಿಕ್ಕಿದ ನಾಣ್ಯಗಳ ಮೇಲೆ ದಪ್ಪ ಕೊರಳಿನ, ಗಡ್ಡಧಾರಿಯಾದ ಒಬ್ಬ ಅರಸನ ಮುಖವಿತ್ತು. ಆತನೇ ಕರೌಸಿಯಸ್. ರೋಮಿನ ಅಧಿಕೃತ ಸಾಮ್ರಾಟರ ಪಂಕ್ತಿಯಲ್ಲಿ ಆತನಿಗೆ ಎಡೆಯಿಲ್ಲ. ಆದರೂ ಏಳು ವರ್ಷಗಳ ಕಾಲ ಬ್ರಿಟನ್ ಆತನ ಆಜ್ಞೆಗೆ ತಲೆಬಾಗಿತ್ತು. ಆತನ ಜೀವನಕಥೆಯನ್ನು ಬರೆದವರೆಲ್ಲರೂ ಆತನ ಶತ್ರುಗಳ ಪಕ್ಷದವರು. ಆತನ ಪರವಾಗಿ ಸಾಕ್ಷಿ ನುಡಿಯಲು ಉಳಿದಿರುವುದು ಈ ಲೋಹದ ಬಿಲ್ಲೆಗಳು ಮಾತ್ರ.

ಕರೌಸಿಯಸನು ಹುಟ್ಟಿದ್ದು ಇಂದಿನ ಬೆಲ್ಜಿಯಂ ದೇಶದ ಕರಾವಳಿಯ ಮೆನಾಪಿ ಜನಾಂಗದಲ್ಲಿ. ಕುಲಗೌರವವಾಗಲಿ ಸಿರಿಯಾಗಲಿ ಆತನಿಗೆ ಇರಲಿಲ್ಲ. ಯೌವನದಲ್ಲಿ ಹಡಗಿನ ಚುಕ್ಕಾಣಿ ಹಿಡಿದು ಹೊಟ್ಟೆ ಹೊರೆದನು. ಆ ಸಮುದ್ರದ ಉಬ್ಬರವಿಳಿತಗಳ ಮರ್ಮವನ್ನು ಆತನು ಕಲಿತದ್ದು ಗ್ರಂಥಗಳಿಂದಲ್ಲ, ಉಪ್ಪುಗಾಳಿಯಿಂದ. ಮುಂದೆ ಸೈನ್ಯವನ್ನು ಸೇರಿ, ಗಾಲ್ ದೇಶದಲ್ಲಿ ದಂಗೆಯೆದ್ದಿದ್ದ ಬಗೌಡೆಗಳನ್ನು ಸಾಮ್ರಾಟ ಮಾಕ್ಸಿಮಿಯನನು ಅಡಗಿಸಿದಾಗ ಪರಾಕ್ರಮವನ್ನು ಮೆರೆದು ಒಡೆಯನ ಕಣ್ಣಿಗೆ ಬಿದ್ದನು.

ಆ ಕಾಲದಲ್ಲಿ ಫ್ರಾಂಕ್ ಮತ್ತು ಸ್ಯಾಕ್ಸನ್ ಕಡಲುಗಳ್ಳರು ಗಾಲ್ ಕರಾವಳಿಯ ಊರುಗಳನ್ನು ಸೂರೆಗೊಳ್ಳುತ್ತಿದ್ದರು. ಅವರನ್ನು ನಿಗ್ರಹಿಸಲು ಬೊಲೋನ್ ಬಂದರಿನಲ್ಲಿ ನೆಲೆಗೊಂಡಿದ್ದ ನೌಕಾಬಲಕ್ಕೆ ಕರೌಸಿಯಸನೇ ನಾಯಕನಾದನು. ಕಳ್ಳರು ಸಿಕ್ಕಿಬಿದ್ದರು, ಲೂಟಿಯ ಮಾಲು ಸಿಕ್ಕಿತು. ಆದರೆ ಆ ಮಾಲೆಲ್ಲ ಪ್ರಜೆಗಳಿಗೂ ತಲುಪಲಿಲ್ಲ, ಅರಸನ ಬೊಕ್ಕಸಕ್ಕೂ ಸೇರಲಿಲ್ಲ ಎಂಬ ದೂರು ಎದ್ದಿತು. ಕಳ್ಳರು ದೋಚಿಕೊಂಡು ಮರಳುವವರೆಗೂ ಬೇಕೆಂದೇ ಕಾದಿದ್ದು ಆಮೇಲೆ ಹಿಡಿಯುತ್ತಾನೆಂಬ ಶಂಕೆಯೂ ಹಬ್ಬಿತು. ಬೇಲಿಯೇ ಹೊಲವನ್ನು ಮೇಯ್ದರೆ ಅರಸನು ಸಹಿಸುವನೆ? ಮಾಕ್ಸಿಮಿಯನನು ಮರಣದಂಡನೆಯನ್ನು ವಿಧಿಸಿದನು. ವಾರ್ತೆ ಕಿವಿಗೆ ಬಿದ್ದೊಡನೆ ಕರೌಸಿಯಸನು ತಾನೇ ಸಾಮ್ರಾಟನೆಂದು ಸಾರಿ, ನೌಕಾಬಲ ಸಮೇತ ಬ್ರಿಟನ್ನನ್ನು ವಶಪಡಿಸಿಕೊಂಡನು. ಗಾಲ್ ದೇಶದ ಉತ್ತರ ತೀರವೂ ಆತನ ಕೈಯಲ್ಲಿ ಉಳಿಯಿತು. ಇದು ನಡೆದದ್ದು ಕ್ರಿ. ಶ. ೨೮೬ರ ಸುಮಾರಿಗೆ.

ಹಡಗುಗಳೆಲ್ಲ ಎದುರಾಳಿಯ ಪಾಲಾಗಿದ್ದುದರಿಂದ ಮಾಕ್ಸಿಮಿಯನನು ಹೊಸ ನೌಕೆಗಳನ್ನು ಕಟ್ಟಿಸಬೇಕಾಯಿತು. ೨೮೯ರಲ್ಲಿ ಸಾಮ್ರಾಟನ ಸ್ತುತಿಪಾಠಕನೊಬ್ಬನು ಈ ನೌಕೆಗಳಿಂದ ಗೆಲುವು ಖಂಡಿತವೆಂದು ಹಾಡಿ ಹೊಗಳಿದನು. ಆದರೆ ಆ ದಂಡಯಾತ್ರೆ ವಿಫಲವಾಯಿತು. ಸೋಲಿನ ಹೊಣೆಯನ್ನು ಕಡಲಿನ ಮೇಲೆ ಹೊರಿಸಿ ಸ್ತುತಿಪಾಠಕರು ನುಣುಚಿಕೊಂಡರು.

ಗೆದ್ದವನಿಗೆ ರಾಜ್ಯ ಸಿಕ್ಕಿತು. ಆದರೆ ರಾಜತ್ವ ಸಿಗುವುದು ಅಷ್ಟು ಸುಲಭವಲ್ಲ. ದರೋಡೆಕೋರನೆಂಬ ಅಪವಾದವನ್ನು ಹೊತ್ತವನು ಧರ್ಮಪ್ರಭುವೆನಿಸಿಕೊಳ್ಳುವುದು ಹೇಗೆ? ಇದಕ್ಕೆ ಕರೌಸಿಯಸನು ಕಂಡುಕೊಂಡ ಉಪಾಯವೇ ನಾಣ್ಯ. ಲಂಡನ್ನಿನಲ್ಲಿ ಮೊಟ್ಟಮೊದಲ ರೋಮನ್ ಟಂಕಸಾಲೆಯನ್ನು ತೆರೆದವನು ಆತನೇ. ಸಾಮ್ರಾಜ್ಯದ ಬೆಳ್ಳಿನಾಣ್ಯವು ಹೆಸರಿಗಷ್ಟೇ ಬೆಳ್ಳಿಯಾಗಿ, ಒಳಗೆಲ್ಲ ತಾಮ್ರವಾಗಿ ಹೋಗಿದ್ದ ದಿನಗಳಲ್ಲಿ ಆತನು ಶೇಕಡ ೯೦ರಷ್ಟು ಬೆಳ್ಳಿಯುಳ್ಳ ನಾಣ್ಯಗಳನ್ನು ಅಚ್ಚುಹಾಕಿಸಿದನು. ಸೈನಿಕನ ಅಂಗೈಯಲ್ಲಿ ಆ ನಾಣ್ಯದ ತೂಕವೇ ಅರಸನ ಮಾತಿಗೆ ಜಾಮೀನು.

ನಾಣ್ಯಗಳ ಹಿಂಬದಿ ಇನ್ನೂ ಕುತೂಹಲಕಾರಿ. ಒಂದರಲ್ಲಿ, ಬಹುಕಾಲದಿಂದ ಹಾರೈಸಿದ ರಕ್ಷಕನನ್ನು ಎದುರುಗೊಳ್ಳುವಂತೆ ಸ್ತ್ರೀರೂಪದ ಬ್ರಿಟಾನಿಯ ಆತನ ಕೈಹಿಡಿದು ಸ್ವಾಗತಿಸುತ್ತಾಳೆ. ಇನ್ನು ಕೆಲವುಗಳ ಅಡಿಯಲ್ಲಿ ಆರ್, ಎಸ್, ಆರ್ ಎಂಬ ಮೂರು ಅಕ್ಷರಗಳಿವೆ. ಅವು ಕೋಶಾಧಿಕಾರಿಯ ಬಿರುದಿನ ಸಂಕ್ಷೇಪವೆಂದು ಕೆಲವರು ತಿಳಿದಿದ್ದರು. ೧೯೯೦ರ ದಶಕದ ಕೊನೆಯಲ್ಲಿ ಗೈ ಡಿ ಲಾ ಬೆಡೊಯೆರ್ ಎಂಬ ವಿದ್ವಾಂಸನು ಒಗಟನ್ನು ಬಿಡಿಸಿದನು. ಪದಕವೊಂದರ ಮೇಲಿದ್ದ ಬೇರೆ ಆರು ಅಕ್ಷರಗಳನ್ನು ಇವುಗಳ ಮುಂದೆ ಜೋಡಿಸಿ ನೋಡಿದರೆ, ಕವಿ ವರ್ಜಿಲನ ನಾಲ್ಕನೆಯ ಗೋಪಗೀತೆಯಲ್ಲಿ ಸುವರ್ಣಯುಗವು ಮರಳುವುದನ್ನು ಸಾರುವ ಪಂಕ್ತಿಗಳ ಮೊದಲಕ್ಷರಗಳು ಸಾಲಾಗಿ ನಿಲ್ಲುತ್ತವೆ. ಚುಕ್ಕಾಣಿ ಹಿಡಿದ ಕೈ ರೋಮಿನ ಮಹಾಕವಿಯನ್ನೇ ತನ್ನ ಸಾಕ್ಷಿಯಾಗಿ ಕರೆದಿತ್ತು.

ಮತ್ತೊಂದು ನಾಣ್ಯದಲ್ಲಿ ಮೂವರು ಸಾಮ್ರಾಟರ ಮುಖಗಳು ಅಕ್ಕಪಕ್ಕದಲ್ಲಿವೆ: ಡಯೋಕ್ಲೀಷಿಯನ್, ಮಾಕ್ಸಿಮಿಯನ್, ಕರೌಸಿಯಸ್. ಅವರಿಬ್ಬರೂ ತನ್ನ ಸಹೋದರರೆಂದು ಬರಹದಲ್ಲಿ ಘೋಷಿಸಿಕೊಂಡಿದ್ದಾನೆ. ಅವರಾದರೋ ಈ ತಮ್ಮನನ್ನು ಎಂದೂ ಒಪ್ಪಿಕೊಳ್ಳಲಿಲ್ಲ.

೨೯೩ರಲ್ಲಿ ಕಾನ್‌ಸ್ಟಂಟಿಯಸ್ ಕಿರಿಯ ಸಾಮ್ರಾಟನಾಗಿ ನೇಮಕಗೊಂಡು ನೇರವಾಗಿ ಬೊಲೋನ್ ನಗರವನ್ನು ಮುತ್ತಿದನು. ಕಡಲಿನ ಕಡೆಯಿಂದ ನೆರವು ಬಾರದಂತೆ ಬಂದರಿನ ಬಾಯಿಗೆ ಅಡ್ಡಲಾಗಿ ಕಟ್ಟೆಯನ್ನು ಹಾಕಿಸಿದನು. ನಗರ ಬಿದ್ದಿತು. ಅದರೊಂದಿಗೆ ಕರೌಸಿಯಸನ ಭಾಗ್ಯವೂ ಇಳಿಮುಖವಾಯಿತು. ಅದೇ ವರ್ಷ ಆತನ ಹಣಕಾಸಿನ ಅಧಿಕಾರಿಯಾಗಿದ್ದ ಅಲೆಕ್ಟಸನು ಉಂಡ ಮನೆಗೆ ಎರಡು ಬಗೆದು, ಒಡೆಯನನ್ನು ಕೊಂದು ತಾನೇ ಪಟ್ಟವೇರಿದನು. ಆ ಪಟ್ಟ ಉಳಿದದ್ದು ಮೂರೇ ವರ್ಷ. ೨೯೬ರಲ್ಲಿ ಕಾನ್‌ಸ್ಟಂಟಿಯಸನ ಪಡೆಗಳು ಬ್ರಿಟನ್ನಿಗೆ ಬಂದಿಳಿದು ಅಲೆಕ್ಟಸನನ್ನು ಕೊಂದವು. ಕತ್ತಲೆ ಕಳೆದು ಶಾಶ್ವತ ಬೆಳಕು ಮರಳಿತೆಂಬ ಹೆಮ್ಮೆಯಿಂದ ಗೆದ್ದವನು ಚಿನ್ನದ ಪದಕವನ್ನು ಅಚ್ಚುಹಾಕಿಸಿದನು. ಅಂಥ ಪದಕವೊಂದು ೧೯೨೨ರಲ್ಲಿ ಫ್ರಾನ್ಸಿನ ಅರಾಸ್ ನಗರದ ಬಳಿ ದೊರೆಯಿತು.

ಗೆದ್ದೆತ್ತಿನ ಬಾಲ ಹಿಡಿಯುವುದು ಚರಿತ್ರಕಾರರಿಗೂ ಹೊಸದಲ್ಲ. ಕರೌಸಿಯಸನ ಹೆಸರುಳ್ಳ ಶಾಸನವು ಇಂದು ಉಳಿದಿರುವುದು ಒಂದೇ ಒಂದು. ಅದೂ ಕಾರ್ಲೈಲ್ ನಗರದ ಬಳಿ ೧೮೯೪ರಲ್ಲಿ ಸಿಕ್ಕಿದ ಒಂದು ಮೈಲಿಗಲ್ಲು. ಅದನ್ನು ತಲೆಕೆಳಗು ಮಾಡಿ ನೆಟ್ಟು, ಮೇಲಾದ ತುದಿಯಲ್ಲಿ ಕಾನ್‌ಸ್ಟಂಟಿಯಸನ ಮಗ ಕಾನ್‌ಸ್ಟಂಟೈನನ ಹೆಸರನ್ನು ಕೆತ್ತಿದ್ದರು. ಮಣ್ಣಿನಲ್ಲಿ ಹೂತುಹೋದ ತುದಿಯಲ್ಲಿ ಹಳೆಯ ಹೆಸರು ಹಾಗೆಯೇ ಉಳಿಯಿತು. ಅಳಿಸಹೊರಟ ಕೈಯೇ ಅದನ್ನು ಕಾಪಾಡಿತೆನ್ನಬೇಕು.

ಸಾಕ್ಷ್ಯ ವಿರಳವಾದಲ್ಲಿ ಕಲ್ಪನೆಗೆ ರೆಕ್ಕೆ ಮೂಡುತ್ತದೆ. ೧೮ನೆಯ ಶತಮಾನದಲ್ಲಿ ವಿಲಿಯಂ ಸ್ಟೂಕ್ಲಿ ಎಂಬ ಪಂಡಿತನು ಆತನ ಸವೆದ ನಾಣ್ಯವೊಂದರಲ್ಲಿ ಭಾಗ್ಯದೇವತೆ ಫೋರ್ಟುನಳ ಹೆಸರನ್ನು ಓರಿಯುನ ಎಂದು ತಪ್ಪಾಗಿ ಓದಿ, ಅವಳು ಕರೌಸಿಯಸನ ಪಟ್ಟದರಸಿಯೆಂದೇ ಬರೆದನು. ಒಂದು ಅಕ್ಷರ ಸವೆದುದರಿಂದ ಒಬ್ಬ ರಾಣಿ ಹುಟ್ಟಿದಳು!

ಆದುದರಿಂದಲೇ ಫ್ರೋಮಿನ ಗುಡಾಣದ ಬೆಲೆಯನ್ನು ಹಣದಿಂದ ಅಳೆಯುವುದು ಸಲ್ಲದು. ಕರೌಸಿಯಸನ ನಾಣ್ಯಗಳು ಅದರಲ್ಲಿ ಎಲ್ಲಕ್ಕಿಂತ ಈಚಿನವು. ವರ್ಷವರ್ಷವೂ ಕೂಡಿಟ್ಟ ಗಂಟಾಗಿದ್ದರೆ ಅವು ಬಾಯಿಯ ಬಳಿಯಲ್ಲಿರಬೇಕಾಗಿತ್ತು. ಆದರೆ ಅವು ಹೆಚ್ಚಾಗಿ ಇದ್ದದ್ದು ಕೆಳಗಿನ ಪದರಗಳಲ್ಲಿ. ಎಂದರೆ ಅಷ್ಟು ನಾಣ್ಯಗಳನ್ನೂ ಒಂದೇ ಸಲಕ್ಕೆ ಸುರಿದಿದ್ದಾರೆ. ತೆಳ್ಳನೆಯ ಆ ಗುಡಾಣ ಅಷ್ಟು ಭಾರವನ್ನು ಹೊರಲಾರದು. ಅದನ್ನು ಮೊದಲು ನೆಲದಲ್ಲಿ ಹೂತು ಆಮೇಲೆ ತುಂಬಿರಬೇಕು. ಇದು ಬಚ್ಚಿಟ್ಟ ಹಣವಲ್ಲ, ಜನರು ಕೂಡಿ ದೇವತೆಗಳಿಗೆ ಅರ್ಪಿಸಿದ ಕಾಣಿಕೆ ಎಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿರುವುದು ಇದರಿಂದಲೇ. ಆತುರಪಟ್ಟು ಬಗೆದಿದ್ದರೆ ನಾಣ್ಯಗಳಂತೂ ಸಿಗುತ್ತಿದ್ದವು. ಈ ವಿಚಾರ ಮಾತ್ರ ಎಂದೆಂದಿಗೂ ಕಳೆದುಹೋಗುತ್ತಿತ್ತು.

ಕರೌಸಿಯಸನು ಕಳ್ಳನೊ, ಕಾವಲುಗಾರನೊ? ಆತನ ಶತ್ರುಗಳ ತೀರ್ಪು ನಮ್ಮ ಮುಂದಿದೆ. ಆತನ ಬೆಳ್ಳಿಯೂ ನಮ್ಮ ಮುಂದಿದೆ. ಅಧಿಕಾರವನ್ನು ಕಸಿದುಕೊಂಡವನು ಆತನೆಂಬುದು ದಿಟ. ಆದರೆ ಇತರರು ತಾಮ್ರವನ್ನು ಬೆಳ್ಳಿಯೆಂದು ನಂಬಿಸುತ್ತಿದ್ದ ಕಾಲದಲ್ಲಿ ಬೆಳ್ಳಿಗೆ ಬೆಳ್ಳಿಯನ್ನೇ ಕೊಟ್ಟವನು ಆತನೆಂಬುದೂ ಅಷ್ಟೇ ದಿಟ. ೨೦೧೧ರಲ್ಲಿ ಸಾಮರ್ಸೆಟ್ಟಿನ ವಸ್ತುಸಂಗ್ರಹಾಲಯವು ಆ ನಿಧಿಯನ್ನು ಕೊಂಡು ತನ್ನದಾಗಿಸಿಕೊಂಡಿತು. ಶತ್ರುಗಳು ಅಳಿಸಲೆಳಸಿದ ಮುಖವು ೧೭೦೦ ವರ್ಷಗಳ ತರುವಾಯ ಮಣ್ಣನ್ನು ಕೊಡವಿಕೊಂಡು ಮತ್ತೆ ಜನರ ಮುಂದೆ ನಿಂತಿತು.